ಮನೆಯ ಪ್ರಿಂಟರು ಗೋಜಲು ಅಕ್ಷರ ಹಾಕಿದರೆ ದೋಷ ಹುಡುಕುವುದು ಹೇಗೆ?



ಹೋದ ತಿಂಗಳು ಕೆಂಗೇರಿ ಹೋಬಳಿಯ ಒಂದು ಹಳ್ಳಿಗೆ ಅವರೆ ಬೆಳೆ ನೋಡಲು ಹೋಗಿದ್ದೆ. ಹಿರಿಯ ರೈತರೊಬ್ಬರು ಹೊಲದ ಮಾತು ಬಿಟ್ಟು ನನ್ನನ್ನು ಮನೆಗೆ ಕರೆದೊಯ್ದರು. ಅವರ ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಅವಳಿಗೆಂದು ಕಂಪ್ಯೂಟರನ್ನೂ ಪ್ರಿಂಟರನ್ನೂ ಕೊಂಡಿದ್ದಾರೆ. ಸಹಕಾರ ಸಂಘಕ್ಕೆ ಬೆಳೆ ಸಾಲ ನವೀಕರಣದ ಅರ್ಜಿಯನ್ನು ಅಚ್ಚು ಮಾಡಿ ಕೊಡಬೇಕಾಗಿತ್ತು. ವಾಯಿದೆಗೆ ಇನ್ನೆರಡೇ ದಿನ. ಪ್ರಿಂಟರಿನಿಂದ ಬಂದದ್ದು ಅರ್ಜಿಯಲ್ಲ. ಒಂದೊಂದು ಹಾಳೆಯ ತಲೆಯ ಮೇಲೆ ಒಂದೊಂದು ಸಾಲು, ಅದರಲ್ಲಿ ಅರ್ಥವಿಲ್ಲದ ಗುರುತುಗಳು. ಹೀಗೆ ಮೂವತ್ತು ಹಾಳೆ ಹಾಳಾಗಿತ್ತು.

"ಸ್ವಾಮಿ, ಅಂಗಡಿಯವರು ಒಳಗಿನ ಬೋರ್ಡು ಸುಟ್ಟಿದೆ, ಆರು ಸಾವಿರ ಆಗುತ್ತೆ ಅಂದ್ರು. ಎರಡು ಕುರಿ ಮಾರೋಣ ಅಂತಿದ್ದೀನಿ" ಎಂದರು.

"ಯಜಮಾನರೇ, ಕುರಿ ಇರಲಿ. ಮೊದಲು ಪ್ರಿಂಟರನ್ನೇ ಕೇಳೋಣ" ಎಂದೆ.

ಅರ್ಧ ಗಂಟೆಯಲ್ಲಿ ಅರ್ಜಿ ಸರಿಯಾಗಿ ಅಚ್ಚಾಯಿತು. ಒಂದು ಪೈಸೆಯೂ ಖರ್ಚಾಗಲಿಲ್ಲ. ಕೆಟ್ಟದ್ದು ಪ್ರಿಂಟರಾಗಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆ ಆಗುವುದರಲ್ಲಿತ್ತು.

ನಾನು ಕೃಷಿ ಡಿಪ್ಲೊಮಾ ಓದಿದವನು, ಯಂತ್ರದ ಪಂಡಿತನಲ್ಲ. ಆದರೆ ಬೆಳೆಯ ರೋಗ ಗುರುತಿಸಲು ನಮಗೆ ಕಲಿಸಿದ ಕ್ರಮವೇ ಇಲ್ಲಿಗೂ ಸಾಕಾಗುತ್ತದೆ. ಎಲೆ ಹಳದಿಯಾದ ಕೂಡಲೇ ಯೂರಿಯಾ ಎರಚುವವನು ಜಾಣನಲ್ಲ. ಸಾರಜನಕ ಕಡಿಮೆಯೇ, ಕಬ್ಬಿಣದ ಅಂಶ ಕಡಿಮೆಯೇ, ಬುಡದಲ್ಲಿ ನೀರು ನಿಂತಿದೆಯೇ, ಬೇರಿಗೆ ಜಂತು ಹತ್ತಿದೆಯೇ ಎಂದು ಒಂದೊಂದಾಗಿ ನೋಡತಕ್ಕದ್ದು. ಪ್ರಿಂಟರಿನ ವಿಷಯದಲ್ಲೂ ಹಾಗೆಯೇ.

ಅಚ್ಚು ಹೇಗೆ ಆಗುತ್ತದೆ?

ನೀವು ಪ್ರಿಂಟ್ ಗುಂಡಿ ಒತ್ತಿದ ಮೇಲೆ ಕಾಗದ ಹೊರಬರುವವರೆಗೆ ಕೆಲಸವು ನಾಲ್ಕು ಕೈ ದಾಟುತ್ತದೆ.

ಮೊದಲನೆಯದು ಕಡತ ಮತ್ತು ಅದರ ಅಕ್ಷರಗಳು. ಅಕ್ಷರದ ರೂಪವನ್ನು ಒದಗಿಸುವುದಕ್ಕೆ ಫಾಂಟು ಎನ್ನುತ್ತಾರೆ.

ಎರಡನೆಯದು ಡ್ರೈವರು. ಇದು ಕಂಪ್ಯೂಟರಿನೊಳಗೆ ಇರುವ ದುಭಾಷಿ. ಕಂಪ್ಯೂಟರಿನ ಮಾತನ್ನು ಆಯಾ ಪ್ರಿಂಟರಿಗೆ ತಿಳಿಯುವ ಮಾತಿಗೆ ತಿರುಗಿಸುತ್ತದೆ.

ಮೂರನೆಯದು ಕೇಬಲ್ಲು, ಇಲ್ಲವೆ ವೈಫೈ. ಇದು ಮಾತನ್ನು ಸಾಗಿಸುವ ಕಾಲುವೆ.

ನಾಲ್ಕನೆಯದು ಪ್ರಿಂಟರು. ಅದು ತನಗೆ ಬಂದದ್ದನ್ನು ಕಾಗದದ ಮೇಲೆ ಇಳಿಸುತ್ತದೆ.

ಪಂಪ್‌ಸೆಟ್ಟಿನಲ್ಲಿ ನೀರು ಬಾರದಿದ್ದರೆ ಫ್ಯೂಸು, ಸ್ಟಾರ್ಟರು, ಮೋಟಾರು, ಪೈಪು ಎಂದು ಸಾಲಾಗಿ ನೋಡುತ್ತೀರಿ. ಮೊದಲೇ ಮೋಟಾರನ್ನು ಬಾವಿಯಿಂದ ಮೇಲೆತ್ತುವುದಿಲ್ಲ. ಇಲ್ಲಿಯೂ ನಾಲ್ಕರಲ್ಲಿ ಯಾವ ಕೈ ತಪ್ಪಿತು ಎಂದು ತಿಳಿಯುವವರೆಗೆ ಏನನ್ನೂ ಬಿಚ್ಚಕೂಡದು, ಏನನ್ನೂ ಕೊಳ್ಳಕೂಡದು.

ಮೊದಲು ಮಾಡಬೇಕಾದ್ದು: ನಿಲ್ಲಿಸುವುದು

ಗೋಜಲು ಹಾಳೆಗಳು ಒಂದರ ಮೇಲೊಂದು ಬರತೊಡಗಿದರೆ ಹಲವರು ಪ್ರಿಂಟರಿನ ಸ್ವಿಚ್ಚು ಆರಿಸಿ ಮತ್ತೆ ಹಾಕುತ್ತಾರೆ. ಅದು ಬಿಟ್ಟ ಜಾಗದಿಂದ ಮತ್ತೆ ಶುರುವಾಗುತ್ತದೆ. ಏಕೆಂದರೆ ಕೆಲಸವು ಕಂಪ್ಯೂಟರಿನ ಸರದಿಯಲ್ಲಿ ಇನ್ನೂ ಕಾದಿರುತ್ತದೆ. ಅಲ್ಲದೆ ಮೊದಲ ಭಾಗದಲ್ಲಿದ್ದ ಆಜ್ಞೆಗಳು ತಪ್ಪಿಹೋಗಿ ಉಳಿದ ಭಾಗ ಮಾತ್ರ ಪ್ರಿಂಟರಿಗೆ ತಲುಪಿದರೆ ಗೋಜಲು ಇನ್ನೂ ಹೆಚ್ಚುತ್ತದೆ. ಆದುದರಿಂದ ಈ ಕ್ರಮ ಅನುಸರಿಸಿರಿ:

1. ಪ್ರಿಂಟರಿನಿಂದ ಖಾಲಿ ಕಾಗದಗಳನ್ನು ತೆಗೆಯಿರಿ. ಕಾಗದವಾದರೂ ಉಳಿಯುತ್ತದೆ.
2. ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ ಪ್ರಿಂಟರುಗಳ ಪಟ್ಟಿ ತೆರೆದು, ನಿಮ್ಮ ಪ್ರಿಂಟರಿನ ಹೆಸರಿನಲ್ಲಿರುವ ಪ್ರಿಂಟ್ ಕ್ಯೂ ನೋಡಿರಿ. ಅಲ್ಲಿರುವ ಎಲ್ಲ ಕೆಲಸಗಳನ್ನೂ ರದ್ದು ಮಾಡಿರಿ.
3. ಪ್ರಿಂಟರಿನ ಸ್ವಿಚ್ಚು ಆರಿಸಿ, ಒಳಗೆ ಸಿಕ್ಕಿರುವ ಹಾಳೆಯನ್ನು ಮೆಲ್ಲಗೆ ತೆಗೆಯಿರಿ.
4. ಕಂಪ್ಯೂಟರನ್ನೂ ಆರಿಸಿರಿ. ಒಂದು ನಿಮಿಷ ಬಿಟ್ಟು ಎರಡನ್ನೂ ಹಾಕಿರಿ.

ಎಷ್ಟೋ ಸಲ ಇಷ್ಟಕ್ಕೇ ದೋಷ ಹೋಗುತ್ತದೆ. ಹೋಗದಿದ್ದರೆ ಮುಂದಿನ ಪರೀಕ್ಷೆಗಳಿಗೆ ಬನ್ನಿರಿ.

ಮೂರು ಪರೀಕ್ಷೆಗಳು

ಮೊದಲನೆಯ ಪರೀಕ್ಷೆ: ಕೇಬಲ್ಲನ್ನು ಕಳಚಿ, ಪ್ರಿಂಟರು ಒಂದರಿಂದಲೇ ಪರೀಕ್ಷಾ ಹಾಳೆ ತೆಗೆಯಿರಿ. ಬಹುತೇಕ ಎಲ್ಲ ಪ್ರಿಂಟರುಗಳಲ್ಲೂ ಈ ಅನುಕೂಲವಿದೆ. ಇಂಕಿನ ಪ್ರಿಂಟರಿನಲ್ಲಿ ಇದು ಗೆರೆಗಳ ಹಾಳೆಯಾಗಿ ಬರುತ್ತದೆ, ಲೇಸರಿನಲ್ಲಿ ಯಂತ್ರದ ವಿವರದ ಹಾಳೆಯಾಗಿ ಬರುತ್ತದೆ. ಯಾವ ಗುಂಡಿ ಒತ್ತಬೇಕೆಂಬುದು ಜೊತೆಗೆ ಬಂದ ಪುಸ್ತಕದಲ್ಲಿರುತ್ತದೆ. ಈ ಹಾಳೆ ಚೆನ್ನಾಗಿ ಬಂದರೆ ಪ್ರಿಂಟರು ನಿರ್ದೋಷಿ.

ಎರಡನೆಯ ಪರೀಕ್ಷೆ: ಕೇಬಲ್ಲನ್ನು ಮತ್ತೆ ಹಾಕಿ, ಕಂಪ್ಯೂಟರಿನಿಂದ ಪರೀಕ್ಷಾ ಹಾಳೆ ತೆಗೆಯಿರಿ. ವಿಂಡೋಸ್‌ನಲ್ಲಿ ಪ್ರಿಂಟರಿನ ಪ್ರಾಪರ್ಟೀಸ್ ಎಂಬಲ್ಲಿ 'ಪ್ರಿಂಟ್ ಟೆಸ್ಟ್ ಪೇಜ್' ಎಂಬ ಗುಂಡಿ ಇದೆ. ಮೊದಲನೆಯದು ಸರಿಯಾಗಿ ಬಂದು ಇದು ಕೆಟ್ಟರೆ ದೋಷ ಡ್ರೈವರಿನದು ಅಥವಾ ಕೇಬಲ್ಲಿನದು.

ಮೂರನೆಯ ಪರೀಕ್ಷೆ: ನಿಮ್ಮ ಕಡತವನ್ನು ಅಚ್ಚು ಮಾಡಿರಿ. ಮೊದಲೆರಡೂ ಸರಿಯಾಗಿ ಬಂದು ಇದೊಂದೇ ಕೆಟ್ಟರೆ ದೋಷ ಕಡತದಲ್ಲಿ ಅಥವಾ ಫಾಂಟಿನಲ್ಲಿದೆ.

ಈ ಮೂರಕ್ಕೆ ಮೂರು ಹಾಳೆ, ಹತ್ತು ನಿಮಿಷ ಸಾಕು. ವಿಜಯನಗರಕ್ಕೋ ರಾಜಾಜಿನಗರಕ್ಕೋ ಎಸ್.ಪಿ. ರಸ್ತೆಗೋ ಪ್ರಿಂಟರನ್ನು ಹೊತ್ತುಕೊಂಡು ಹೋಗುವ ಮುನ್ನ ಇದನ್ನು ತಪ್ಪದೆ ಮಾಡಿರಿ.

ಡ್ರೈವರಿನ ದೋಷ

ಪ್ರಿಂಟರುಗಳು ಎಲ್ಲವೂ ಒಂದೇ ಮಾತು ಆಡುವುದಿಲ್ಲ. ಕೆಲವಕ್ಕೆ ಪಿ.ಸಿ.ಎಲ್. ಎಂಬ ಭಾಷೆ, ಕೆಲವಕ್ಕೆ ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ, ಹಳೆಯ ಡಾಟ್ ಮ್ಯಾಟ್ರಿಕ್ಸ್ ಯಂತ್ರಗಳಿಗೆ ಬೇರೆಯೇ ಸಂಕೇತ. ಕಡಿಮೆ ಬೆಲೆಯ ಎಷ್ಟೋ ಪ್ರಿಂಟರುಗಳಿಗೆ ಸ್ವಂತ ಬುದ್ಧಿ ಕಡಿಮೆ. ಅಂಥವು ತಮ್ಮ ಕಂಪನಿಯ, ತಮ್ಮದೇ ಮಾದರಿಯ ಡ್ರೈವರಿನ ಮಾತನ್ನು ಮಾತ್ರ ಕೇಳುತ್ತವೆ.

ತೆಲುಗು ಮಾತ್ರ ಬಲ್ಲ ಆಳಿಗೆ ತಮಿಳಿನಲ್ಲಿ ಕೆಲಸ ಹೇಳಿದರೆ ಏನಾದೀತು? ಅವನು ಮಾತಿನ ಅರ್ಥ ಬಿಟ್ಟು ಬರಿಯ ಸದ್ದನ್ನೇ ಒಪ್ಪಿಸಿಯಾನು. ಪ್ರಿಂಟರು ಮಾಡುವುದೂ ಅದನ್ನೇ. 'ಇಲ್ಲಿ ದಪ್ಪ ಗೆರೆ ಹಾಕು, ಅಲ್ಲಿ ಹಾಳೆ ಬದಲಿಸು' ಎಂಬ ಆಜ್ಞೆಗಳನ್ನು ಪಾಲಿಸುವ ಬದಲು, ಆ ಆಜ್ಞೆಗಳನ್ನೇ ಅಕ್ಷರಗಳೆಂದು ತಿಳಿದು ಅಚ್ಚು ಹಾಕುತ್ತದೆ. ಒಂದು ಗುರುತು ನೆನಪಿಡಿರಿ. ಹಾಳೆಯ ಮೊದಲಲ್ಲಿ ಶೇಕಡಾ ಚಿಹ್ನೆ, ಆಶ್ಚರ್ಯ ಚಿಹ್ನೆ, ಅದರ ಪಕ್ಕದಲ್ಲಿ ಇಂಗ್ಲಿಷಿನ ಪಿ, ಎಸ್ ಅಕ್ಷರಗಳು ಬಂದಿದ್ದರೆ, ಪೋಸ್ಟ್‌ಸ್ಕ್ರಿಪ್ಟ್ ಅರಿಯದ ಪ್ರಿಂಟರಿಗೆ ಪೋಸ್ಟ್‌ಸ್ಕ್ರಿಪ್ಟಿನಲ್ಲಿ ಮಾತನಾಡಲಾಗಿದೆ ಎಂದು ಅರ್ಥ.

ಆ ಹಿರಿಯ ರೈತರ ಮನೆಯಲ್ಲಿ ಆದದ್ದು ಇಂಥದೇ. ಪ್ರಿಂಟರಿನ ಸ್ವಂತ ಪರೀಕ್ಷಾ ಹಾಳೆ ಮುತ್ತಿನಂತೆ ಬಂತು. ಕಂಪ್ಯೂಟರಿನಿಂದ ತೆಗೆದದ್ದು ಕೆಟ್ಟಿತು. "ಈಚೆಗೆ ಕಂಪ್ಯೂಟರಿಗೆ ಏನಾದರೂ ಮಾಡಿಸಿದಿರೇನಮ್ಮ?" ಎಂದು ಮಗಳನ್ನು ಕೇಳಿದೆ. ಹಿಂದಿನ ವಾರ ಪರಿಚಯದ ಹುಡುಗನೊಬ್ಬ ವಿಂಡೋಸನ್ನು ಹೊಸದಾಗಿ ಹಾಕಿಕೊಟ್ಟಿದ್ದನಂತೆ. ಅವನು ಅದೇ ಕಂಪನಿಯ ಬೇರೆ ಮಾದರಿಯ ಡ್ರೈವರು ಹಾಕಿದ್ದ. ಕಂಪನಿ ಒಂದೇ ಆದರೆ ಸಾಲದು, ಮಾದರಿಯ ಸಂಖ್ಯೆ ಅಕ್ಷರಶಃ ಹೊಂದಬೇಕು. ತಳಿಯ ಹೆಸರು ನೋಡದೆ ರಾಗಿ ಎಂದಷ್ಟೇ ಕೇಳಿ ಬೀಜ ತರುವುದುಂಟೆ?

ಪರಿಹಾರ: ಪ್ರಿಂಟರಿನ ಮೈಮೇಲೆ ಬರೆದ ಮಾದರಿ ಸಂಖ್ಯೆಯನ್ನು ಚೀಟಿಯಲ್ಲಿ ಬರೆದುಕೊಳ್ಳಿರಿ. ಹಳೆಯ ಡ್ರೈವರನ್ನು ಪಟ್ಟಿಯಿಂದ ತೆಗೆದುಹಾಕಿರಿ. ಕಂಪನಿಯ ಸ್ವಂತ ಜಾಲತಾಣದಿಂದ ಅದೇ ಸಂಖ್ಯೆಯ ಡ್ರೈವರನ್ನು ಇಳಿಸಿಕೊಂಡು ಹಾಕಿರಿ. ಇದಕ್ಕೆ ಹಣ ಕೊಡಬೇಕಾಗಿಲ್ಲ. ಹಣ ಕೇಳುವ ಬೇರೆ ತಾಣಗಳ ಗೊಡವೆಗೆ ಹೋಗಬೇಡಿರಿ.

ಕೇಬಲ್ಲಿನ ದೋಷ

ಈಗಿನ ಮನೆಗಳಲ್ಲಿ ಯು.ಎಸ್.ಬಿ. ಕೇಬಲ್ಲು ಇರುತ್ತದೆ. ಅದು ಕಳುಹಿಸಿದ ಮಾತು ಸರಿಯಾಗಿ ಮುಟ್ಟಿತೇ ಎಂದು ತಾಳೆ ನೋಡಿ, ತಪ್ಪಿದ್ದರೆ ಮತ್ತೆ ಕಳುಹಿಸುತ್ತದೆ. ಆದುದರಿಂದ ಒಂದು ಅಕ್ಷರ ಇನ್ನೊಂದಾಗುವುದು ಅದರಲ್ಲಿ ಅಪರೂಪ. ಕೇಬಲ್ಲು ಸಡಿಲವಾಗಿದ್ದರೆ ಅಚ್ಚು ನಡುವೆ ನಿಲ್ಲುತ್ತದೆ, ಇಲ್ಲವೆ ಅರ್ಧದಿಂದ ಮುಂದೆ ಗೋಜಲಾಗುತ್ತದೆ. ಎರಡು ತುದಿಗಳನ್ನೂ ಕಿತ್ತು ಮತ್ತೆ ಒತ್ತಿರಿ. ನಡುವೆ ಹಂಚುಪೆಟ್ಟಿಗೆ ಇದ್ದರೆ ಬಿಟ್ಟು, ಕಂಪ್ಯೂಟರಿಗೇ ನೇರವಾಗಿ ಹಾಕಿರಿ. ನೆರೆಯವರ ಕೇಬಲ್ಲನ್ನು ಒಂದು ಗಳಿಗೆ ತಂದು ಹಾಕಿ ನೋಡಿದರೆ ಸಂಶಯ ತೀರುತ್ತದೆ.

ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ದಪ್ಪ ಕೇಬಲ್ಲಿನ ಮಾತು ಬೇರೆ. ತೂಕದ ಚೀಟಿ, ಬಿಲ್ಲು ಹಾಕಲು ಇಂಥ ಯಂತ್ರಗಳು ಇನ್ನೂ ಬಳಕೆಯಲ್ಲಿವೆ. ಇದರ ದೋಷ ನಿಮ್ಮ ಜೇಬಿಗೆ ಕೈ ಹಾಕಬಲ್ಲದು. ಆದುದರಿಂದ ಸ್ವಲ್ಪ ಗಮನವಿಟ್ಟು ಓದಿರಿ.

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಇಂಗ್ಲಿಷಿನ ಎ ಅಕ್ಷರಕ್ಕೆ 65, ಬಿ ಅಕ್ಷರಕ್ಕೆ 66, ಸಿ ಅಕ್ಷರಕ್ಕೆ 67. ಈ ಕ್ರಮಕ್ಕೆ ಆಸ್ಕಿ ಎಂದು ಹೆಸರು. ಅಮೆರಿಕದಲ್ಲಿ 1963ರಲ್ಲಿ ಮೊದಲು ಪ್ರಕಟವಾಯಿತು. ದಪ್ಪ ಕೇಬಲ್ಲಿನಲ್ಲಿ ಈ ಸಂಖ್ಯೆಯನ್ನು ಸಾಗಿಸಲು ಎಂಟು ತಂತಿಗಳಿವೆ. ಒಂದೊಂದು ತಂತಿಯೂ ಒಂದೊಂದು ಅಳತೆಯ ಸೇರು ಇದ್ದಂತೆ: 1, 2, 4, 8, 16, 32, 64, 128. ಎ ಅಕ್ಷರ ಕಳುಹಿಸಲು 64ರ ತಂತಿಯೂ 1ರ ತಂತಿಯೂ ಮೇಲೇಳುತ್ತವೆ. ಎರಡೂ ಸೇರಿ 65.

ಈಗ 1ರ ತಂತಿ ತುಂಡಾಗಿ, ಯಾವಾಗಲೂ ಮೇಲೆದ್ದಂತೆಯೇ ಪ್ರಿಂಟರಿಗೆ ಕಂಡರೆ ಏನಾಗುತ್ತದೆ? 66 ಹೋಗಿ 67 ಆಗುತ್ತದೆ. ಬಿ ಇದ್ದಲ್ಲೆಲ್ಲ ಸಿ ಬರುತ್ತದೆ, ಡಿ ಇದ್ದಲ್ಲಿ ಇ ಬರುತ್ತದೆ. ಅಂಕಿಗಳಲ್ಲಿ 0 ಹೋಗಿ 1, 2 ಹೋಗಿ 3, 4 ಹೋಗಿ 5, 6 ಹೋಗಿ 7, 8 ಹೋಗಿ 9 ಆಗುತ್ತದೆ. ನಿಮ್ಮ ಬಾಕಿ 4280 ರೂಪಾಯಿ ಇದ್ದರೆ ಚೀಟಿಯಲ್ಲಿ 5391 ಎಂದು ಬರುತ್ತದೆ! 640 ಕಿಲೋ ತೂಕ 751 ಆಗುತ್ತದೆ. ಅಕ್ಷರ ಗೋಜಲಾದರೆ ಕಣ್ಣಿಗೆ ಬೀಳುತ್ತದೆ. ಅಂಕಿ ತಪ್ಪಿದರೆ ಅದೂ ಒಂದು ಒಳ್ಳೆಯ ಅಂಕಿಯಂತೆಯೇ ಕಾಣುತ್ತದೆ. ಅಪಾಯ ಇರುವುದು ಇಲ್ಲಿಯೇ.

ಗುರುತಿಸುವುದು ಸುಲಭ. ಪದಗಳ ನಡುವೆ ಖಾಲಿ ಇರಬೇಕಾದಲ್ಲಿ ಆಶ್ಚರ್ಯ ಚಿಹ್ನೆಗಳು ಸಾಲಾಗಿ ಬಂದಿವೆಯೇ ನೋಡಿರಿ. ಇಡೀ ಹಾಳೆಯಲ್ಲಿ ಒಂದಾದರೂ ಸಮಸಂಖ್ಯೆ ಇದೆಯೇ ನೋಡಿರಿ. ಒಂದೂ ಇಲ್ಲದಿದ್ದರೆ ಆ ಚೀಟಿಯನ್ನು ನಂಬಬೇಡಿರಿ. ಬರೆದವನು ಮೋಸಗಾರನೆಂದು ಜಗಳಕ್ಕೂ ಹೋಗಬೇಡಿರಿ. ಕಂಪ್ಯೂಟರಿನ ಪರದೆಯ ಮೇಲಿನ ಅಂಕಿ ತೋರಿಸಿರೆಂದು ಮರ್ಯಾದೆಯಿಂದ ಕೇಳಿರಿ. ಬೇರೆ ತಂತಿ ತುಂಡಾದರೆ ತಪ್ಪಿನ ಬಗೆಯೂ ಬೇರೆಯಾಗುತ್ತದೆ. ಆದರೆ ಒಂದೇ ಅಕ್ಷರ ಪ್ರತಿ ಸಲವೂ ಒಂದೇ ರೀತಿಯಲ್ಲಿ ತಪ್ಪುತ್ತಿದ್ದರೆ ಕೇಬಲ್ಲನ್ನು ಬದಲಿಸತಕ್ಕದ್ದು.

ಕನ್ನಡ ಮಾತ್ರ ಕೆಟ್ಟರೆ

ಇಂಗ್ಲಿಷ್ ಸರಿಯಾಗಿದ್ದು ಕನ್ನಡ ಮಾತ್ರ ಕೆಟ್ಟರೆ ಪ್ರಿಂಟರನ್ನೂ ಕೇಬಲ್ಲನ್ನೂ ಮುಟ್ಟಬೇಡಿರಿ. ದೋಷ ಫಾಂಟಿನದು.

ಆಸ್ಕಿಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಹೀಗಿರಲಾಗಿ ಮೊದಲಿನ ಕನ್ನಡ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದವು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ, ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವುಗಳಿಂದಲೇ ಸಾವಿರಾರು ಕಚೇರಿ, ಮನೆಗಳಲ್ಲಿ ಕನ್ನಡ ಅಚ್ಚಾಯಿತು. ಆ ಉಪಕಾರ ದೊಡ್ಡದು. ಆದರೆ ಆ ವ್ಯವಸ್ಥೆಯಲ್ಲಿ ಕನ್ನಡವು ಪರರ ಜಮೀನಿನಲ್ಲಿ ಗೇಣಿಗೆ ಇದ್ದಂತೆ. ಕಡತದೊಳಗೆ ಇರುವುದು ಇಂಗ್ಲಿಷಿನ ಸಂಖ್ಯೆ, ಮೇಲೆ ತೊಟ್ಟಿರುವುದು ಕನ್ನಡದ ಅಂಗಿ. ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ಅಂಗಿ ಕಳಚುತ್ತದೆ. ನುಡಿ ಫಾಂಟಿನ ಹಳೆಯ ಕ್ರಮದಲ್ಲಿ 'ಕನ್ನಡ' ಎಂದು ಬರೆದದ್ದು ಇಂಗ್ಲಿಷಿನ ಪಿ, ತಲೆಯ ಮೇಲೆ ಓರೆ ಗೀಟಿರುವ ಎ, ಪೌಂಡಿನ ಚಿಹ್ನೆ ಎಂದು ಮುಂತಾಗಿ ಕಾಣುತ್ತದೆ.

1991ರಲ್ಲಿ ಬಂದ ಯುನಿಕೋಡ್ ಎಂಬ ಕ್ರಮದಲ್ಲಿ ಕನ್ನಡಕ್ಕೆ 128 ಮನೆಗಳ ಸ್ವಂತ ಖಾತೆ ಆಯಿತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯುನಿಕೋಡ್ ಫಾಂಟು ಜೊತೆಗೇ ಬಂತು. ಈಗ ಮೊಬೈಲಿನಲ್ಲಿ ನೀವು ಓದುವ ಕನ್ನಡವೂ ಯುನಿಕೋಡೇ. ಆದರೆ ಹಳೆಯ ಕಡತಗಳು ಇನ್ನೂ ಓಡಾಡುತ್ತಿವೆ.

ಗುರುತು ನೋಡಿ ಮದ್ದು ಮಾಡಿರಿ:

1. ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ಗೀಟು, ಚಿಹ್ನೆಗಳು ಬಂದರೆ ಅದು ಹಳೆಯ ಫಾಂಟಿನ ಕಡತ. ಆ ಫಾಂಟನ್ನು ಕಂಪ್ಯೂಟರಿಗೆ ಹಾಕಿರಿ. ಇಲ್ಲವೆ ನುಡಿ, ಬರಹಗಳಲ್ಲಿರುವ ಪರಿವರ್ತಕದಿಂದ ಯುನಿಕೋಡಿಗೆ ತಿರುಗಿಸಿರಿ. ಕಡತ ಕಳುಹಿಸಿದವರನ್ನೇ ಪಿ.ಡಿ.ಎಫ್. ಮಾಡಿ ಕಳುಹಿಸಿರೆಂದು ಕೇಳುವುದು ಎಲ್ಲಕ್ಕಿಂತ ಸುಲಭ.

2. ಬರಿಯ ಚೌಕಗಳು ಬಂದರೆ ಆರಿಸಿದ ಫಾಂಟಿನಲ್ಲಿ ಕನ್ನಡವೇ ಇಲ್ಲ ಎಂದು ಅರ್ಥ. ಕನ್ನಡವಿರುವ ಫಾಂಟನ್ನು ಆರಿಸಿರಿ.

3. ಒತ್ತಕ್ಷರ ಕೆಳಗೆ ಬಾರದೆ ಪಕ್ಕಕ್ಕೆ ಸರಿದರೆ, ಅಥವಾ ಚುಕ್ಕಿಯ ಸುತ್ತು ಕಾಣಿಸಿದರೆ, ಅಕ್ಷರ ಜೋಡಿಸುವ ತಂತ್ರಾಂಶ ಹಳೆಯದು. ಬೇರೆ ತಂತ್ರಾಂಶದಲ್ಲಿ ತೆರೆದು ನೋಡಿರಿ.

4. ಪರದೆಯ ಮೇಲೆ ಸರಿಯಿದ್ದು ಕಾಗದದ ಮೇಲೆ ಮಾತ್ರ ಕೆಟ್ಟರೆ, ಅಡೋಬಿ ರೀಡರಿನಲ್ಲಿ ಪ್ರಿಂಟ್ ಒತ್ತಿ, ಅಡ್ವಾನ್ಸ್‌ಡ್ ಎಂಬಲ್ಲಿ 'ಪ್ರಿಂಟ್ ಆಸ್ ಇಮೇಜ್' ಎಂಬುದಕ್ಕೆ ಗುರುತು ಹಾಕಿರಿ. ಆಗ ಹಾಳೆಯು ಚಿತ್ರವಾಗಿ ಹೋಗುತ್ತದೆ. ಚಿತ್ರದಲ್ಲಿ ಫಾಂಟಿನ ತಕರಾರಿಲ್ಲ. ಸ್ವಲ್ಪ ನಿಧಾನವಾಗಬಹುದು, ಅಷ್ಟೆ.

ಪ್ರಿಂಟರಿನದೇ ದೋಷವಾದರೆ

ಮೊದಲನೆಯ ಪರೀಕ್ಷೆಯಲ್ಲೇ ಹಾಳೆ ಕೆಟ್ಟರೆ ಆಗ ಪ್ರಿಂಟರಿನ ಕಡೆ ನೋಡಿರಿ. ನಡುನಡುವೆ ಬಿಳಿ ಗೆರೆ ಬಂದರೆ ಇಂಕಿನ ರಂಧ್ರ ಕಟ್ಟಿದೆ, ಶುಚಿ ಮಾಡುವ ಆಜ್ಞೆ ಕೊಡಿರಿ. ವಾರಕ್ಕೊಮ್ಮೆಯಾದರೂ ಒಂದು ಹಾಳೆ ತೆಗೆಯುತ್ತಿದ್ದರೆ ಇಂಕು ಒಣಗುವುದಿಲ್ಲ. ಅಕ್ಷರ ಎರಡೆರಡಾಗಿ ಕಂಡರೆ ಹೆಡ್ಡನ್ನು ಸರಿಹೊಂದಿಸುವ ಆಜ್ಞೆ ಇದೆ. ಮಳೆಗಾಲದಲ್ಲಿ ಕಾಗದ ಥಂಡಿ ಹಿಡಿದರೆ ಅಚ್ಚು ಕದಡುತ್ತದೆ. ಬೀಜದಂತೆ ಕಾಗದವನ್ನೂ ಒಣಗಿದ ಜಾಗದಲ್ಲಿ ಇಡಿರಿ. ಇಷ್ಟಾದರೂ ಸರಿಹೋಗದಿದ್ದರೆ ಮಾತ್ರ ರಿಪೇರಿ ಅಂಗಡಿಗೆ ಹೋಗಿರಿ. ಹೋಗುವಾಗ ಮೂರು ಪರೀಕ್ಷೆಯ ಹಾಳೆಗಳನ್ನೂ ಕೊಂಡೊಯ್ಯಿರಿ. ಹಾಳೆ ಕೈಯಲ್ಲಿದ್ದವನಿಗೆ ಸುಮ್ಮನೆ ಬೋರ್ಡು ಸುಟ್ಟಿದೆ ಎನ್ನುವುದು ಕಷ್ಟ.

ಕಾಗದ ಒಪ್ಪಿಸುವ ಮುನ್ನ

ನಮ್ಮ ರಾಜ್ಯದಲ್ಲಿ ಭೂಮಿ ಯೋಜನೆಯಿಂದ ಪಹಣಿಗಳು ಕಂಪ್ಯೂಟರಿಗೆ ಸೇರಿ ಎರಡು ದಶಕ ದಾಟಿತು. ಕೆಂಗೇರಿಗೆ ಮೆಟ್ರೋ ರೈಲು 2021ರಲ್ಲಿ ಬಂತು, 2023ರಲ್ಲಿ ಚಲ್ಲಘಟ್ಟವನ್ನೂ ಮುಟ್ಟಿತು. ಸುತ್ತ ಬಡಾವಣೆಗಳು ಎದ್ದಿವೆ. ಇಂಥ ಕಡೆ ಒಂದು ಗುಂಟೆ, ಒಂದು ಸರ್ವೆ ನಂಬರು, ಹೆಸರಿನ ಒಂದು ಒತ್ತಕ್ಷರ ಎಂದರೆ ಸಾಮಾನ್ಯ ಮಾತಲ್ಲ. ಒತ್ತು ಬಿದ್ದುಹೋದರೆ ನಿಂಗಮ್ಮ ಹೋಗಿ ನಿಂಗಮ ಆಗುತ್ತದೆ. ಆಧಾರಿನ ಹೆಸರಿಗೆ ತಾಳೆಯಾಗದೆ ಅರ್ಜಿ ಹಿಂದಕ್ಕೆ ಬರುತ್ತದೆ.

ಆದುದರಿಂದ ಅಚ್ಚಾದ ಕಾಗದವನ್ನು ಪರದೆಯೊಡನೆ ಇಟ್ಟು ಇಬ್ಬರು ಕುಳಿತು ತಾಳೆ ನೋಡಿರಿ. ಒಬ್ಬರು ಓದಲಿ, ಇನ್ನೊಬ್ಬರು ನೋಡಲಿ. ತಪ್ಪಿದ್ದರೆ ಪೆನ್ನಿನಿಂದ ತಿದ್ದಕೂಡದು. ತಿದ್ದಿದ ಪಹಣಿಯನ್ನು ಯಾರೂ ಒಪ್ಪುವುದಿಲ್ಲ, ಮೇಲೆ ಅನುಮಾನವೂ ಬರುತ್ತದೆ. ಹೊಸ ಪ್ರತಿ ತೆಗೆಯಿರಿ. ವಾಯಿದೆ ಹತ್ತಿರವಿದ್ದರೆ ದೋಷ ಹುಡುಕುತ್ತ ಕೂರಬೇಡಿರಿ. ಕಡತವನ್ನು ಪಿ.ಡಿ.ಎಫ್. ಮಾಡಿ ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಅಚ್ಚು ಮಾಡಿಸಿರಿ, ಪಹಣಿಯನ್ನು ನಾಡಕಚೇರಿಯಲ್ಲೇ ಪಡೆಯಿರಿ. ಅಂಗಡಿಯಲ್ಲಿ ಕಡತ ಚೆನ್ನಾಗಿ ಅಚ್ಚಾದರೆ ಅದೂ ಒಂದು ಪರೀಕ್ಷೆಯಾಯಿತು: ಕಡತ ಸರಿ, ದೋಷ ಮನೆಯಲ್ಲೇ ಇದೆ.

ನೆನಪಿಡಬೇಕಾದ ಅಂಶಗಳು

ಗೋಜಲು ಬಂದರೆ ಮೊದಲು ಸರದಿಯನ್ನು ಖಾಲಿ ಮಾಡಿರಿ.
ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿರಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯದು.
ಸ್ವಂತ ಪರೀಕ್ಷೆಯಲ್ಲಿ ಗೆದ್ದ ಪ್ರಿಂಟರಿಗೆ ಹಣ ಸುರಿಯಬೇಡಿರಿ.
ಅಕ್ಷರ ಸರಿ ಕಂಡರೂ ಅಂಕಿಯನ್ನು ತಾಳೆ ನೋಡದೆ ಬಿಡಬೇಡಿರಿ.

ಸಂಜೆ ಕೂಟದಲ್ಲಿ ಚರ್ಚಿಸಲು ಪ್ರಶ್ನೆಗಳು

1. ಪ್ರಿಂಟರಿನ ಸ್ವಂತ ಹಾಳೆ ಸರಿ, ಕಂಪ್ಯೂಟರಿನ ಪರೀಕ್ಷಾ ಹಾಳೆ ಸರಿ, ಅರ್ಜಿ ಮಾತ್ರ ಗೋಜಲು. ದೋಷ ಎಲ್ಲಿದೆ?
2. ತೂಕದ ಚೀಟಿಯಲ್ಲಿ 371 ಎಂದಿದೆ, ಪದಗಳ ನಡುವೆ ಆಶ್ಚರ್ಯ ಚಿಹ್ನೆಗಳಿವೆ. ನಿಜವಾದ ತೂಕ ಯಾವುವು ಇರಬಹುದು?
3. ನಿಮ್ಮ ಮನೆಯ ಪ್ರಿಂಟರಿನ ಮಾದರಿ ಸಂಖ್ಯೆ ಏನು?

ಮೂರನೆಯದಕ್ಕೆ ಉತ್ತರ ಗೊತ್ತಿಲ್ಲದವರು ಇಂದೇ ನೋಡಿ, ಪಹಣಿ ಇಡುವ ಪೆಟ್ಟಿಗೆಯಲ್ಲಿ ಬರೆದಿಡಿರಿ. ಆ ಹಿರಿಯರು ಹಾಗೆಯೇ ಬರೆದಿಟ್ಟಿದ್ದಾರೆ. ಅವರ ಸಾಲದ ಅರ್ಜಿ ವಾಯಿದೆಗೆ ಒಂದು ದಿನ ಮೊದಲೇ ಸಂಘ ಸೇರಿತು. ಕುರಿಗಳೂ ಕೊಟ್ಟಿಗೆಯಲ್ಲೇ ಉಳಿದಿವೆ.